ಎರಡು ಗೋಡೆಯ ಅಟ್ಟೆಗಳು

ಚಳಿಗಾಲ ಇನ್ನೇನು ಮುಗಿಯಿತು ಎನ್ನುವ ಹೊತ್ತಿನ ಒಂದು ಬುಧವಾರ, ಬೆಳಗಿನ ಆರೂವರೆ ಗಂಟೆಗೆ, ಮಗಳು ಅಪ್ಪನ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡು ಬೂಟಿನ ಹಿಂಬದಿಯ ಹೊಲಿಗೆ ಬಿಚ್ಚುತ್ತಿದ್ದಳು. ಎಡಗಾಲಿಗೆ ಬೂಟು ಸಲೀಸಾಗಿ ಹತ್ತಿತ್ತು. ಬಲಗಾಲು ಊದಿಕೊಂಡಿತ್ತು. ಎಂಬತ್ತು ವರ್ಷ ಅವಸರ ಅಂದರೇನೆಂದು ತಿಳಿಯದೆ ಬದುಕಿದ ಮನುಷ್ಯ, ಹೊರಡುವಾಗಲೂ ಒಂದು ಕಾಲು ಮುಂದಿಟ್ಟು ಇನ್ನೊಂದು ಕಾಲಿನಲ್ಲಿ ಹಟ ಹಿಡಿದಿದ್ದ.

"ಬಲವಂತ ಮಾಡ್ಬೇಡ ಕಣೇ," ಎಂದಳು ಪಕ್ಕದ ಬೇಕರಿಯ ಅಕ್ಕ. "ಬರೀ ಕಾಲುಚೀಲ ಹಾಕಿ ಕಳಿಸಿದ್ರೂ ನಡೆಯುತ್ತೆ. ಪೆಟ್ಟಿಗೆ ಒಳಗೆ ಯಾರು ನೋಡ್ತಾರೆ?"

"ಅವನೇ ನೋಡ್ತಾನೆ. ಊರಿಗೆಲ್ಲ ಬೂಟು ಹೊಲಿದು ಕೊಟ್ಟು ತಾನು ಬರಿಗಾಲಲ್ಲಿ ಹೋದ್ರೆ, ಅಲ್ಲಿ ಕೇಳಿದವರಿಗೆ ಮೊದಲು ನನ್ನ ಹೆಸರೇ ಹೇಳ್ತಾನೆ."

ಬಿಚ್ಚಿದ ಜಾಗಕ್ಕೆ ಎರಡು ಬೆರಳಗಲದ ತೊಗಲಿನ ಪಟ್ಟಿ ಕೊಟ್ಟು, ಬೂಟನ್ನು ಕಾಲಿಗೇರಿಸಿ, ಮೇಣದ ದಾರದಲ್ಲಿ ಆರು ಹೊಲಿಗೆ ಹಾಕಿದಳು. ಕೊನೆಯ ಗಂಟು ಬಿಗಿದು ದಾರವನ್ನು ಹಲ್ಲಿನಲ್ಲಿ ಕಡಿದಳು. ಐವತ್ತು ವರ್ಷದ ಹೆಂಗಸು. ಇಪ್ಪತ್ತೈದು ವರ್ಷದಿಂದ ಅಪ್ಪನ ಪಕ್ಕದಲ್ಲಿ ಕೂತು ಅದೇ ಕೆಲಸ ಮಾಡಿದ ಕೈ. 

ಅದು ಸೇತುವೆ ಬೀದಿ. ಬೀದಿ ಹೋಗಿ ಮುಟ್ಟುವುದು ಹೊಳೆಗೆ, ಹೊಳೆಯ ಮೇಲೆ ಕಬ್ಬಿಣದ ಸೇತುವೆ, ಸೇತುವೆಯಾಚೆ ಇನ್ನೊಂದು ದೇಶ. ಆಚೆಯವರು ಗಂಟೆ ಬಾರಿಸಿದರೆ ಈಚೆ ಕೇಳುತ್ತದೆ. ಈಚೆ ಬೇಕರಿಯಲ್ಲಿ ಬ್ರೆಡ್ಡು ಸೀದರೆ ಆಚೆಯವರಿಗೆ ವಾಸನೆ. ಮನೆ ಎಂದರೆ ಮುಂದೊಂದು ಕೋಣೆ, ಹಿಂದೊಂದು ಕೋಣೆ, ಪಕ್ಕದಲ್ಲಿ ಬೀದಿಗೆ ಬಾಗಿಲಿರುವ ಕೆಲಸದ ಕೋಣೆ. ಅಪ್ಪ ಮಂಗಳವಾರ ಬೆಳಿಗ್ಗೆ ಆ ಕೆಲಸದ ಕೋಣೆಯಲ್ಲೇ, ತುಟಿಯಲ್ಲಿ ನಾಲ್ಕು ಮೊಳೆ ಕಚ್ಚಿಕೊಂಡಿದ್ದ ಹಾಗೇ, ಗೋಡೆಗೊರಗಿ ಸುಮ್ಮನಾಗಿಬಿಟ್ಟಿದ್ದ. ಮಗಳು ಮೊಳೆಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದ ಮೇಲೆಯೇ ಬೇರೆಯವರನ್ನು ಕರೆದದ್ದು.

ಊರಿನವರ ಬಾಯಲ್ಲಿ ಅವನು ಅಟ್ಟೆ ಮೇಷ್ಟ್ರು. ಶಾಲೆಯ ಮೆಟ್ಟಿಲು ಹತ್ತಿದ್ದು ಹೆಡ್‌ಮಾಸ್ತರರ ಬೂಟು ತಲುಪಿಸುವುದಕ್ಕೆ ಮಾತ್ರ. ಆದರೂ ಬೂಟನ್ನು ತಿರುಗಿಸಿ ಅದರಡಿಯ ಅಟ್ಟೆ ನೋಡಿದನೆಂದರೆ, ಹಾಕಿಕೊಂಡವನ ಸಮಾಚಾರವನ್ನೆಲ್ಲ ಓದಿ ಹೇಳುತ್ತಿದ್ದ.

ಎಂಟು ಗಂಟೆಗೆ ಹವಾಲ್ದಾರರು ಬಂದರು. ಬೀದಿಯ ಹಿರಿಯರು, ಅರವತ್ತನಾಲ್ಕು ವರ್ಷ, ನೆಟ್ಟಗಿನ ಬೆನ್ನು, ಇಸ್ತ್ರಿ ಮಾಡಿದ ಅಂಗಿ. ಕಂಕುಳಲ್ಲಿ ಮಡಿಸಿದ ಹಸಿರು ಬಟ್ಟೆ. ಆ ಬಟ್ಟೆ ಏನೆಂದು ಎಲ್ಲರಿಗೂ ಗೊತ್ತು, ಜನರಲ್ ಸ್ಮರಣೆ ಸಂಘದ್ದು. ಒಂದು ಕಾಲದಲ್ಲಿ ಈಚೆ ದಡವನ್ನು ಒಂಬತ್ತು ವರ್ಷ ಆಳಿ ಹೋದ ಜನರಲ್ಲನ ಆಡಳಿತವೇ ಚೆನ್ನಾಗಿತ್ತು ಎನ್ನುವವರ ಸಂಘ. ತಮ್ಮವರು ಯಾರಾದರೂ ತೀರಿಕೊಂಡರೆ ಪೆಟ್ಟಿಗೆಯ ಮೇಲೆ ಹಸಿರು ಬಟ್ಟೆ ಹೊದಿಸಿ, ನಾಲ್ಕು ಮಾತಾಡಿ ಕಳಿಸಿಕೊಡುವುದು ಅವರ ಪದ್ಧತಿ.

"ಅಪ್ಪ ನಿಮ್ಮ ಸಂಘದಲ್ಲಿ ಇರ್ಲಿಲ್ವಲ್ಲ ಮಾವ," ಎಂದಳು ಮಗಳು.

"ಹೆಸರು ಬರೆಸಿರ್ಲಿಲ್ಲ ಅಷ್ಟೇ. ಜನರಲ್ ಸಾಹೇಬ್ರ ಬೂಟು ರಿಪೇರಿ ಮಾಡಿದ ಕೈ ಅದು. ಈ ಊರಲ್ಲಿ ಆ ಭಾಗ್ಯ ಇನ್ಯಾರಿಗಿತ್ತು? ಎರಡು ಪುಟ ಬರ್ಕೊಂಡು ಬಂದಿದ್ದೀನಿ. ಹನ್ನೊಂದಕ್ಕೆ ಹೊರಡೋ ಮುಂಚೆ ಓದಿ, ಬಟ್ಟೆ ಹೊದಿಸ್ತೀನಿ. ನೀನು ಯಾವ ಯೋಚನೆನೂ ಮಾಡ್ಬೇಡ."

ಅವಳು ಯೋಚನೆ ಮಾಡಿಯೇ ಮಾಡಿದಳು. ಆ ಬೂಟಿನ ದೆಸೆಯಿಂದ ಅಪ್ಪ ಹತ್ತು ತಿಂಗಳು ಜೈಲಿನಲ್ಲಿದ್ದ. ಊರಿನವರು ಅದನ್ನು ಕಳ್ಳಸಾಗಣೆಯ ಕೇಸು ಎಂದುಕೊಂಡಿದ್ದರು. ಅಪ್ಪ ಒಂದು ದಿನವೂ ತಿದ್ದಿರಲಿಲ್ಲ. ಈಗ ಆ ಹಸಿರು ಬಟ್ಟೆಯಡಿಯಲ್ಲಿ ಮಣ್ಣಿಗೆ ಹೋದನೆಂದರೆ, ಅಲ್ಲಿಗೆ ಅವನು ಜನರಲ್ಲನ ಮನುಷ್ಯ. ಇನ್ನು ಯಾರು ಎಷ್ಟು ಹೇಳಿದರೂ ಅಷ್ಟೇ. ಹಾಗೆಂದು ಹೆಣದ ಮುಂದೆ ಹಿರಿಯರ ಕೈಯಿಂದ ಬಟ್ಟೆ ಕಿತ್ತುಕೊಳ್ಳುವುದೇ? ದನಿಯೆತ್ತಿ ಮಾತಾಡಿದ ಮನೆಯಲ್ಲ ಅದು.

"ಹನ್ನೊಂದಕ್ಕೆ ತಾನೇ? ಇನ್ನೂ ಬೇಕಾದಷ್ಟು ಹೊತ್ತಿದೆ," ಎಂದಳು. "ಬೂಟು ಬಿಟ್ಟು ಒಳಗೆ ಬನ್ನಿ ಮಾವ."

ಬೂಟು ಬಾಗಿಲಲ್ಲೇ ಬಿಡಬೇಕೆಂಬುದು ಆ ಮನೆಯ ಕಟ್ಟುನಿಟ್ಟು. ಬಂದವರು ಮಾತಾಡಿಕೊಂಡು ಕೂತರೆ, ಅಪ್ಪ ಸದ್ದಿಲ್ಲದೆ ಹೋಗಿ ಸಾಲಾಗಿಟ್ಟ ಬೂಟುಗಳನ್ನೆಲ್ಲ ತಿರುವಿ ನೋಡಿಕೊಂಡು ಬರುತ್ತಿದ್ದ.

*

ಅಣ್ಣ ತಮ್ಮ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಕೆಲಸ ಕಲಿತವರು. ಇಬ್ಬರ ಕೈಯೂ ಚೆನ್ನಾಗಿ ಪಳಗುವ ಹೊತ್ತಿಗೆ ಹೊಳೆಯ ಎರಡೂ ದಡದಲ್ಲಿ ಸಮವಸ್ತ್ರದವರು ಬಂದು ಕುರ್ಚಿ ಹಿಡಿದರು. ಆಚೆ ಮೊದಲು, ಮರುವರ್ಷ ಈಚೆ.

ಈಚೆಯ ಜನರಲ್ ಬಂದವನೇ, ಹೊರಗಿನ ಸಾಮಾನು ಒಂದು ಸೂಜಿಯೂ ಒಳಗೆ ಬರಕೂಡದು, ಬೇಕಾದ್ದೆಲ್ಲ ನಾವೇ ಮಾಡಿಕೊಳ್ಳೋಣ ಎಂದ. ಬೆಲೆಗಳನ್ನು ಅಚ್ಚು ಹಾಕಿಸಿ ಅಂಗಡಿ ಬಾಗಿಲಿಗೆ ಅಂಟಿಸಿದ. ಒಂಬತ್ತು ವರ್ಷ ಬ್ರೆಡ್ಡಿನ ಬೆಲೆ ಕೂದಲಷ್ಟೂ ಏರಲಿಲ್ಲ. ಬ್ರೆಡ್ಡು ಮಾತ್ರ ವರ್ಷದಿಂದ ವರ್ಷಕ್ಕೆ ಕುಗ್ಗಿ ಕೊನೆಗೆ ಅಂಗೈಯಲ್ಲಿ ಮುಚ್ಚಿಡುವಷ್ಟಾಯಿತು. ಕಾರ್ಖಾನೆಯಲ್ಲಿ ಎಲ್ಲರಿಗೂ ಕೆಲಸ ಇತ್ತು, ಕೆಲಸ ಮಾಡುವುದಕ್ಕೆ ಸಾಮಾನಿರಲಿಲ್ಲ. ತೊಗಲಿಗೆ ಚೀಟಿ, ಮೊಳೆಗೆ ಚೀಟಿ, ಅಂಟಿಗೆ ಚೀಟಿ, ಆ ಚೀಟಿ ಪಡೆಯುವುದಕ್ಕೆ ಇನ್ನೊಂದು ಚೀಟಿ. ಜನ ಒಳಗೊಳಗೇ ಅವನನ್ನು ಬೀಗದ ಜನರಲ್ ಎಂದರು.

ಆಚೆಯವನದು ಪೂರಾ ತಿರುವುಮುರುವು. ಬಂದರುಗಳನ್ನೆಲ್ಲ ತೆರೆದ, ಸರ್ಕಾರದ ಗಿರಣಿಗಳನ್ನು ಮಾರಿದ. ಬೆಲೆ ತನ್ನ ಪಾಡಿಗೆ ತಾನು ಏರಲಿ, ಇಳಿಯಲಿ ಎಂದ. ಕೂಲಿಗೆ ಮಾತ್ರ ಆ ಮಾತು ಅನ್ವಯಿಸಲಿಲ್ಲ. ಕೂಲಿ ಏರಿಸಿ ಎಂದು ಕೇಳಿದವನು ನೇರ ಒಳಗೆ. ಅಂಗಡಿಗಳಲ್ಲಿ ಹತ್ತು ದೇಶದ ಸಾಮಾನು ಥಳಥಳ ಎನ್ನುತ್ತಿತ್ತು. ಬೆಳಿಗ್ಗೆ ಕೇಳಿದ ಬೆಲೆ ಮಧ್ಯಾಹ್ನಕ್ಕೆ ಇರುತ್ತಿರಲಿಲ್ಲ. ಅವನು ಬಾಗಿಲ ಜನರಲ್.

"ಇಲ್ಲಿ ತೊಗಲಿಲ್ಲ, ಅಲ್ಲಿ ತೊಗಲಿದೆ," ಎಂದು ತಮ್ಮ ಸೇತುವೆ ದಾಟಿದ. ಮೊದಲ ವರ್ಷ ಹೊರದೇಶದ ಹೊಲಿಗೆ ಯಂತ್ರ ಕೊಂಡು ಮೆರೆದ. ಮೂರನೆಯ ವರ್ಷ ಹಡಗು ತುಂಬ ಸಿದ್ಧ ಬೂಟು ಬಂದಿಳಿಯಿತು; ಅವನು ಬರೀ ತೊಗಲಿಗೆ ಕೊಡುತ್ತಿದ್ದ ಬೆಲೆಗೆ ಪೂರ್ತಿ ಬೂಟೇ ಸಿಗತೊಡಗಿತು. ಐದನೆಯ ವರ್ಷ ಯಂತ್ರ ಮಾರಿ, ಅದೇ ಹಡಗಿನ ಬೂಟು ಮಾರುವ ಅಂಗಡಿಯಲ್ಲಿ ಗಿರಾಕಿಗಳ ಕಾಲ ಬುಡದಲ್ಲಿ ಕೂತ.

ತಿಂಗಳಿಗೊಂದು ಭಾನುವಾರ ಬಂಧುಗಳಿಗೆ ಸೇತುವೆ ದಾಟಲು ಅಪ್ಪಣೆಯಿತ್ತು. ತಮ್ಮ ಆಚೆಯ ನೆರೆಹೊರೆಯವರ ಹಳೇ ಬೂಟುಗಳನ್ನು ಚೀಲದಲ್ಲಿ ತುಂಬಿಕೊಂಡು ಬರುತ್ತಿದ್ದ. ಅಣ್ಣ ಹೊಸ ಅಟ್ಟೆ ಹಾಕಿ ಕಳಿಸುತ್ತಿದ್ದ. ಕಿತ್ತ ಹಳೇ ಅಟ್ಟೆಗಳನ್ನು ಅವನು ಎಸೆಯುತ್ತಿರಲಿಲ್ಲ. ಈಚೆಯವರದು ಎಡಗೋಡೆಗೆ, ಆಚೆಯವರದು ಬಲಗೋಡೆಗೆ, ಒಂದೊಂದಕ್ಕೆ ಒಂದೊಂದು ಮೊಳೆ.

"ನೋಡು ಪುಟ್ಟಿ," ಎಂದು ಮಗಳನ್ನು ಮುಂದೆ ನಿಲ್ಲಿಸಿಕೊಂಡು ಹೇಳುತ್ತಿದ್ದ. "ನಮ್ಮವರದ್ದು ಹಿಮ್ಮಡಿ ಸವೆದಿದೆ. ನಿಂತೂ ನಿಂತೂ. ಸಾಲಲ್ಲಿ ನಿಲ್ಲೋನು ಭಾರಾನೆಲ್ಲ ಹಿಂದಕ್ಕೆ ಹಾಕ್ತಾನೆ. ಅವರದ್ದು ನೋಡು, ಬೆರಳ ಹತ್ರ ತೂತು. ನಡೆದೂ ನಡೆದೂ. ಕೆಲಸ ಹುಡುಕ್ಕೊಂಡು ಹೋಗೋನು ಮುಂದಕ್ಕೆ ಬಾಗಿ ನಡೀತಾನೆ."

"ಹಾಗಾದ್ರೆ ಯಾವ ಕಡೆದು ಒಳ್ಳೇದಪ್ಪ?"

"ನನಗೇನಮ್ಮ, ಎರಡೂ ಕಡೆಯಿಂದ ಕೆಲಸ ಬರ್ತಿದೆ," ಎಂದು ನಕ್ಕು, ಸುತ್ತಿಗೆ ಕೈಗೆತ್ತಿಕೊಂಡು, ಒಂದು ಮೊಳೆ ಹೊಡೆದು ಸೇರಿಸಿದ: "ಒಳ್ಳೇದಾಗಿದ್ರೆ ಇಷ್ಟು ಬೇಗ ತೂತು ಬೀಳ್ತಿರ್ಲಿಲ್ಲ."

*

ಒಂಬತ್ತರ ಬಸ್ಸಿಗೆ ಚಿಕ್ಕಪ್ಪ ಬಂದ. ಎಪ್ಪತ್ತನಾಲ್ಕರ ಮುದುಕ, ಕುತ್ತಿಗೆಗೆ ಮಫ್ಲರು. ಯಾರನ್ನೂ ಮಾತಾಡಿಸದೆ ಪೆಟ್ಟಿಗೆಯ ಹತ್ತಿರ ಹೋಗಿ, ಮುಖ ನೋಡುವ ಮೊದಲು ಕಾಲು ನೋಡಿದ. ಬಲ ಬೂಟಿನ ಹಿಂಬದಿಯನ್ನು ಬೆರಳಿನಿಂದ ಸವರಿದ.

"ಆರು ಹೊಲಿಗೆ," ಎಂದ. "ಅಣ್ಣ ಆಗಿದ್ರೆ ಎಂಟು ಹಾಕ್ತಿದ್ದ."

"ಇನ್ನು ನಡೆದಾಡೋದಿಲ್ವಲ್ಲ ಚಿಕ್ಕಪ್ಪ. ಆರು ಸಾಕು."

ಮುದುಕ ನಗಲು ಹೋದ. ಬಾಯಿ ನಗುವಿಗೆ ತೆರೆದುಕೊಂಡಿತು, ಬಂದದ್ದು ಅಳು. ಬೇಕರಿ ಅಕ್ಕ ಕುರ್ಚಿ ಎಳೆದು ಕೂರಿಸಿ ಬಿಸಿ ಚಹಾ ಕೈಗಿಟ್ಟಳು. ಅರ್ಧ ಲೋಟ ಇಳಿಯುವಷ್ಟರಲ್ಲಿ ಅವನ ಕಣ್ಣಿಗೆ ಹಸಿರು ಬಟ್ಟೆ ಬಿತ್ತು.

"ಏನ್ ಹವಾಲ್ದಾರ್ರೇ, ಬೀಗ ತಂದಿದ್ದೀರಾ ಮತ್ತೆ? ಸತ್ತವನಿಗೂ ಹಾಕೋಕೆ?"

"ನೋಡಿ, ಸಾವಿನ ಮನೇಲಿ ನಾನು ಮಾತು ಬೆಳೆಸಲ್ಲ," ಎಂದು ಹವಾಲ್ದಾರರು ಬೆಳೆಸಿಯೇ ಬಿಟ್ಟರು. "ನಮ್ಮ ಜನರಲ್ ಇದ್ದಾಗ ಒಬ್ಬ, ಒಬ್ಬನೇ ಒಬ್ಬ ಕೆಲಸ ಇಲ್ದೆ ಬೀದೀಲಿ ತಿರುಗ್ತಿದ್ದ ಅಂತ ತೋರಿಸಿ. ನಿಮ್ಮ ಕಡೆ? ಓದಿದ ಇಂಜಿನಿಯರುಗಳು ಟ್ಯಾಕ್ಸಿ ಓಡಿಸ್ತಿದ್ರು."

"ಓಡಿಸೋಕೆ ಟ್ಯಾಕ್ಸಿ ಆದ್ರೂ ಇತ್ತಲ್ಲ! ನಿಮ್ಮ ಕಡೆ ನಾಲ್ಕು ಜನ ಸೇರಿ ಒಂದು ಸೈಕಲ್ ಚಕ್ರ ಕಾಯ್ತಾ ಕೂತಿದ್ರು. ಒಬ್ಬ ಕಾಯೋದಕ್ಕೆ, ಮೂರು ಜನ ಅವನು ಕಾಯ್ತಿದ್ದಾನೋ ಇಲ್ವೋ ಅಂತ ನೋಡೋದಕ್ಕೆ."

"ಬ್ರೆಡ್ಡಿನ ಬೆಲೆ ಏರ್ಲಿಲ್ಲ. ಅದನ್ನ ಹೇಳಿ."

"ಬ್ರೆಡ್ಡಿನ ಮಾತು ನನ್ನ ಮುಂದೆ ಆಡ್ಬೇಡಿ," ಎಂದಳು ಬೇಕರಿ ಅಕ್ಕ. "ನಮ್ಮತ್ತೆ ಮಾಡ್ತಿದ್ದದ್ದು ನಾನೇ ಕಣ್ಣಾರೆ ನೋಡಿದ್ದೀನಿ. ಬೆಲೆ ಮುಟ್ಟಿದ್ರೆ ಜೈಲು. ಹಿಟ್ಟಿಗೆ ಮರದ ಪುಡಿ ಬೆರೆಸಿದ್ರೆ ಕೇಳೋರಿಲ್ಲ. ಆದ್ರೆ ಸುಳ್ಳು ಯಾಕೆ ಹೇಳ್ಲಿ, ಆ ಒಂಬತ್ತು ವರ್ಷ ನಮ್ಮಾವನಿಗೆ ಸಂಬಳ ಒಂದು ತಿಂಗಳೂ ತಪ್ಪಿರ್ಲಿಲ್ಲ."

"ಕೇಳಿ ಮತ್ತೆ!" ಎಂದರು ಹವಾಲ್ದಾರರು.

"ಸಂಬಳ ತಗೊಂಡು ಏನು ಮಾಡ್ಬೇಕು ಅಂತ ಗೊತ್ತಾಗ್ದೆ ತಲೆದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಿದ್ರು," ಎಂದು ಅವಳು ಮುಗಿಸಿದಳು. "ಕೊಳ್ಳೋಕೆ ಅಂಗಡೀಲಿ ಏನಿತ್ತು?"

ಕೂತವರೆಲ್ಲ ಸೆರಗು, ಕರವಸ್ತ್ರ ಅಡ್ಡ ಹಿಡಿದು ನಕ್ಕರು. ಚಿಕ್ಕಪ್ಪ ಚಹಾದ ಲೋಟವನ್ನು ನೆಲಕ್ಕಿಟ್ಟ. "ನಮ್ಮವನೇನು ದೇವರಲ್ಲ ಬಿಡಿ. ನನ್ನ ಯಂತ್ರ ತಿಂದ್ಕೊಂಡೋನು ಅವನು. ಅಣ್ಣ ಒಂದು ಮಾತು ಹೇಳ್ತಿದ್ದ. ಸಾಮಾನಿಗೆ ಒಬ್ಬ ಬೀಗ ಹಾಕ್ದ, ಒಬ್ಬ ಬಾಗಿಲು ತೆಗೆದ. ಬಾಯಿಗೆ ಹಾಕಿದ ಬೀಗ ಮಾತ್ರ ಎರಡೂ ಕಡೆ ಒಂದೇ ಕಾರ್ಖಾನೇದು ಅಂತ."

ಹವಾಲ್ದಾರರು ಜೇಬಿನಿಂದ ತಮ್ಮ ಎರಡು ಪುಟ ತೆಗೆದು ತುಟಿಯಾಡಿಸಿಕೊಂಡು ಓದತೊಡಗಿದರು.

ಮಗಳು ಎದ್ದು ಬಾಗಿಲಿಗೆ ಬಂದಳು. ಸಾಲಾಗಿ ಇಪ್ಪತ್ತು ಜೊತೆ ಬೂಟು, ಚಪ್ಪಲಿ. ಅಪ್ಪನ ಹಾಗೆಯೇ ಬಗ್ಗಿ ಒಂದೊಂದನ್ನೇ ತಿರುವುತ್ತ ಹೋದಳು. ಹವಾಲ್ದಾರರ ಬೂಟು ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತಿತ್ತು. ಕೈಗೆತ್ತಿಕೊಂಡರೆ, ಬಲ ಬೂಟಿನ ಅಟ್ಟೆ ಮುಂದುಗಡೆ ಬಾಯಿ ಬಿಟ್ಟಿದೆ. ಅದನ್ನು ಕಪ್ಪು ದಾರದಲ್ಲಿ ಬಿಗಿದು, ದಾರ ಕಾಣದಂತೆ ಮೇಲೆ ಪಾಲಿಷ್ ಬಳಿದಿದ್ದಾರೆ. ಸೇತುವೆ ಬೀದಿಯಲ್ಲಿ, ಅಟ್ಟೆ ಮೇಷ್ಟ್ರ ಮನೆಯಿಂದ ನಾಲ್ಕನೇ ಬಾಗಿಲಲ್ಲಿ ಇರುವವರ ಬೂಟಿಗೆ ಈ ಗತಿ. ನಲವತ್ತೆರಡು ವರ್ಷದಲ್ಲಿ ಅವರು ಒಂದು ಸಲವೂ ಆ ಕೆಲಸದ ಕೋಣೆಯ ಹೊಸ್ತಿಲು ತುಳಿದಿರಲಿಲ್ಲ. ಯಾಕೆಂದು ಅವಳಿಗೆ ಗೊತ್ತಿತ್ತು.

ಬೂಟಿನ ಜೊತೆಯನ್ನು ಎದೆಗವಚಿಕೊಂಡು ಕೆಲಸದ ಕೋಣೆಗೆ ನಡೆದಳು.

*

ಅವಳಿಗೆ ಆಗ ಎಂಟು ವರ್ಷ. ಸೇತುವೆಗೆ ಕಬ್ಬಿಣದ ಗೇಟು ಹಾಕಿ ಬೀಗ ಜಡಿಯುವುದಕ್ಕೆ ಸ್ವತಃ ಜನರಲ್ಲೇ ಊರಿಗೆ ಬಂದಿದ್ದ. ಹಿಂದಿನ ದಿನ ಬೆಳಿಗ್ಗೆ ಶಾಲೆಯ ಬಯಲಿನಲ್ಲಿ ಸಭೆ. ವೇದಿಕೆಯ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂತ. ಮಂತ್ರಿಯೊಬ್ಬ ಮೈಕಿನ ಮುಂದೆ ನಿಂತು, ನಮ್ಮ ಜನರಲ್ ಹೊರದೇಶದ ಒಂದು ಗುಂಡಿಯನ್ನೂ ಮೈಮೇಲೆ ಹಾಕುವುದಿಲ್ಲ ಎನ್ನುತ್ತಿದ್ದ. ಜನರಲ್ಲನ ಬೂಟಿನ ಅಟ್ಟೆ ಸಭೆಯ ಕಡೆಗೆ ತಿರುಗಿತ್ತು. ಅದರ ನಡುವೆ ಹೊರದೇಶದ ಕಂಪನಿಯ ದುಂಡನೆಯ ಮುದ್ರೆ, ಹೆಸರು ಊರು ಸಮೇತ. ಮುಂದಿನ ಸಾಲಿನಲ್ಲಿ ಶಾಲೆಯ ಮಕ್ಕಳು. ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುವ ವಯಸ್ಸು. ಓದಿಬಿಟ್ಟರು. ಓದಿದವರಲ್ಲಿ ಅವಳೂ ಒಬ್ಬಳು.

ಅದೇ ಮಧ್ಯಾಹ್ನ ಮೂರು ಗಂಟೆಗೆ ಇಪ್ಪತ್ತೆರಡು ವರ್ಷದ ಸಿಪಾಯಿಯೊಬ್ಬ ಗೋಣಿಚೀಲದಲ್ಲಿ ಬೂಟು ಹಾಕಿಕೊಂಡು ಕೆಲಸದ ಕೋಣೆಗೆ ಬಂದ. ಕೈಯಲ್ಲೊಂದು ಕಾಗದ. ಹಳೇ ಅಟ್ಟೆ ಕಿತ್ತು ಸುಡಬೇಕು. ದೇಶದ ಕಾರ್ಖಾನೆಯ ರಬ್ಬರ್ ಅಟ್ಟೆ, ದೇಶದ ಕಾರ್ಖಾನೆಯ ಅಂಟು. ಕಾರ್ಖಾನೆಯ ಬೂಟಿನಲ್ಲಿ ಹೊಲಿಗೆ ಇರುವುದಿಲ್ಲವಾದ್ದರಿಂದ ಇದರಲ್ಲೂ ಇರಕೂಡದು.

"ಈ ಅಂಟು ನೀರಿಗೆ ನಿಲ್ಲಲ್ಲ ತಮ್ಮಾ," ಎಂದ ಅಪ್ಪ. "ಸುತ್ತ ಒಂದು ಸಾಲು ಹೊಲಿಗೆ ಹಾಕ್ತೀನಿ."

"ಬೇಡ ಅಂತ ಬರೆದಿದೆ."

"ಆಚೆಯಿಂದ ನನ್ನ ತಮ್ಮ ತಂದ ಅಂಟು ಒಂದು ಡಬ್ಬಿ ಇದೆ—"

"ಅದನ್ನ ನಾನು ಕೇಳಿಸ್ಕೊಳ್ಳೇ ಇಲ್ಲ. ಕಾಗದದಲ್ಲಿ ಹೇಗಿದ್ಯೋ ಹಾಗೇ ಮಾಡಿ ಅಣ್ಣಾ. ನನ್ನ ತಲೆ ಉಳಿಸಿ."

ಅಪ್ಪ ಹಾಗೆಯೇ ಮಾಡಿದ. ಮಾರನೆಯ ದಿನ ಜಿನುಗು ಮಳೆ. ಸೇತುವೆಯ ಮೇಲೆ ಜನರಲ್ ಹೆಜ್ಜೆ ಹಾಕಿಕೊಂಡು ಬರುತ್ತಿದ್ದ ಹಾಗೇ ಬಲ ಬೂಟಿನ ಅಟ್ಟೆ ಮುಂದಿನಿಂದ ಬಿಟ್ಟುಕೊಂಡಿತು. ಬ್ಯಾಂಡಿನವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ್ದೂ ಆಗಲೇ. ಪಟ್, ಪಟ್, ಪಟ್. ಅಪ್ಪನ ಹೆಗಲ ಮೇಲೆ ಕೂತಿದ್ದ ಮಗಳಿಗೆ, ಒಂದು ಊರಿಗೆ ಊರೇ ನಗು ನುಂಗಿಕೊಂಡರೆ ಹೇಗಿರುತ್ತದೆ ಎಂದು ಆವತ್ತು ಗೊತ್ತಾಯಿತು.

ಸಂಜೆಯೊಳಗೆ ಅಪ್ಪನನ್ನು ಹಿಡಿದುಕೊಂಡು ಹೋದರು. ದೇಶದ ಸರಕಿಗೆ ಬೇಕೆಂದೇ ಅವಮಾನ ಮಾಡಿದ ಎಂಬ ಆರೋಪ. ಊರಿಗೆ ಮಾತ್ರ ಆಚೆಯ ಅಂಟಿನ ಕಳ್ಳಸಾಗಣೆ ಎಂದು ಸಾರಿ, ವಿಚಾರಣೆಯನ್ನು ಮುಚ್ಚಿದ ಬಾಗಿಲಲ್ಲಿ ನಡೆಸಿದರು. ವಿಚಾರಣೆಯಲ್ಲಿ ಆ ಕಾಗದ ಎಲ್ಲೂ ಸಿಗಲಿಲ್ಲ. ತಂದುಕೊಟ್ಟ ಸಿಪಾಯಿಯನ್ನು ಕೇಳಿದರೆ, ಚೀಲ ಹೊತ್ತದ್ದಷ್ಟೇ ತನಗೆ ಗೊತ್ತು ಎಂದ.

ಹತ್ತು ತಿಂಗಳು ಕಳೆದು ಅಪ್ಪ ಬಂದ. ಬೆಂಚಿನ ಮೇಲೆ ಕೂತು, ದಾರಕ್ಕೆ ಮೇಣ ಹಚ್ಚುತ್ತ ಆವತ್ತು ಹೆಂಡತಿಗೂ ಮಗಳಿಗೂ ಹೇಳಿದ್ದು ಇಷ್ಟೇ: "ಒಂದೇ ಒಂದು ಸಲ ಕೈ ಹೇಳಿದ್ದನ್ನ ಬಿಟ್ಟು ಕಾಗದ ಹೇಳಿದ್ದನ್ನ ಕೇಳಿದೆ." ಆಮೇಲೆ ಎದ್ದು, ಬೆಂಚಿನ ಹಲಗೆಯಡಿಯಿಂದ ಏನನ್ನೋ ತೆಗೆದು ಎಡಗೋಡೆಯ ಮೇಲಿನ ಸಾಲಿನ ಮೊಳೆಗೆ ಸಿಕ್ಕಿಸಿದ.

*

"ಏನಮ್ಮಾ ಇದು, ನನ್ನ ಬೂಟು..."

ಹವಾಲ್ದಾರರು ಕಾಲುಚೀಲದಲ್ಲೇ ಕೆಲಸದ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಹೆಬ್ಬೆರಳಿನ ಹತ್ತಿರ ಕಾಲುಚೀಲ ತೂತು. ಅವರ ಬೂಟು ಆಗಲೇ, ಬೂಟು ಸಿಕ್ಕಿಸಿ ಮೊಳೆ ಹೊಡೆಯುವ ಮೂರು ಪಾದದ ಕಬ್ಬಿಣದ ಮೇಲೆ ಬೋರಲಾಗಿತ್ತು. ಬಲಗಡೆಯ ಅಟ್ಟೆ ಕಿತ್ತು ಬೆಂಚಿನ ಮೇಲಿತ್ತು.

"ಸ್ಮಶಾನಕ್ಕೆ ಎರಡು ಮೈಲಿ," ಎಂದಳು ಮಗಳು, ಕೈ ನಿಲ್ಲಿಸದೆ. "ಬಾಯಿ ತೆರೆದ ಬೂಟಲ್ಲಿ ನೀವು ಮುಂದೆ ನಡೆದ್ರೆ ಈ ಮನೆಗೆ ಮರ್ಯಾದೆನಾ? ಕೂತ್ಕೊಳ್ಳಿ ಮಾವ. ಇಪ್ಪತ್ತು ನಿಮಿಷ."

ಬೂಟಿಲ್ಲದ ಮನುಷ್ಯ ಎಲ್ಲಿಗೆ ಹೋಗಬೇಕು? ಗಿರಾಕಿಗಳ ಸ್ಟೂಲಿನ ಮೇಲೆ ಕೂತರು.

ಅವಳು ಕಿತ್ತ ಅಟ್ಟೆಯನ್ನು ಬೆಳಕಿಗೆ ಹಿಡಿದಳು. "ಹಿಮ್ಮಡಿ ಪೂರಾ ಹೋಗಿದೆ. ಪಿಂಚಣಿ ಆಫೀಸಿನ ಸಾಲಾ?"

"ತಿಂಗಳಿಗೆ ಎರಡು ದಿನ."

"ಬೆರಳ ಹತ್ರನೂ ಸವೆದಿದೆಯಲ್ಲ."

"ಮೊಮ್ಮಗಳಿಗೆ ಒಂದು ಕೆಲಸ ಅಂತ ಅಲೀತಿದ್ದೀನಿ."

"ಎರಡೂ ಕಡೆ ಸವೆದಿರೋದನ್ನ ಯಾವ ಗೋಡೆಗೆ ಹಾಕೋದು ಅಂತ ಅಪ್ಪ ತಲೆ ಕೆರ್ಕೊಳ್ತಿದ್ದ."

ಆಗ ಹವಾಲ್ದಾರರು ತಲೆಯೆತ್ತಿ ಗೋಡೆಗಳನ್ನು ನೋಡಿದರು. ಎಡಕ್ಕೆ ನೂರಾರು, ಬಲಕ್ಕೆ ನೂರಾರು. ಮಗಳು ಎದ್ದು, ತುದಿಗಾಲಲ್ಲಿ ನಿಂತು ಕೈಚಾಚಿ, ಎಡಗೋಡೆಯ ಮೇಲಿನ ಸಾಲಿನಿಂದ ಒಂದನ್ನು ತೆಗೆದು ಅವರ ಅಂಗೈ ಮೇಲಿಟ್ಟಳು. ಧೂಳು ಒರೆಸುವ ಅಗತ್ಯವೂ ಬೀಳಲಿಲ್ಲ. ದುಂಡನೆಯ ಮುದ್ರೆ ಹಾಗೇ ಇತ್ತು.

"ಇದನ್ನ ಸುಡೋಕೆ ಹೇಳಿದ್ದೆ," ಎಂದರು ಅವರು, ಮುದ್ರೆಯ ಮೇಲೆ ಬೆರಳಾಡಿಸುತ್ತ.

"ಅದೊಂದು ವಿಷಯದಲ್ಲಿ ಮಾತ್ರ ಕಾಗದದ ಮಾತು ಕೇಳ್ಲಿಲ್ಲ ಅವನು. ತಿರುಗಿಸಿ ನೋಡಿ ಮಾವ. ನಿಂತೂ ಸವೆದಿಲ್ಲ, ನಡೆದೂ ಸವೆದಿಲ್ಲ. ಅಂಚು ಒಂದಿಷ್ಟು ಉಜ್ಜಿದೆ. ಅದು ವೇದಿಕೆ ಹತ್ತಿ ಇಳಿದದ್ದು ಅಂತಿದ್ದ ಅಪ್ಪ."

"ಇಷ್ಟೇನಾ ಇದ್ದದ್ದು ಸಾಹೇಬ್ರ ಕಾಲು?"

"ಇನ್ನೂ ಚಿಕ್ಕದು. ಇದಕ್ಕೂ ಒಳಗೆ ಉಣ್ಣೆ ತುರುಕಿದ್ರಂತೆ."

ಹವಾಲ್ದಾರರು ಅದನ್ನು ತಮ್ಮ ಪಾದದ ಪಕ್ಕಕ್ಕೆ ಹಿಡಿದು ನೋಡಿ, ಚಟ್ಟನೆ ಕೈ ಹಿಂದಕ್ಕೆಳೆದುಕೊಂಡರು. "ನನಗೆ ಆಗ ಇಪ್ಪತ್ತೆರಡು ವರ್ಷ ಕಣಮ್ಮ."

"ನನಗೆ ಎಂಟು."

ಪಕ್ಕದ ಕೋಣೆಯಲ್ಲಿ ಯಾರೋ ಕೆಮ್ಮಿದರು. ಮಗಳು ದಬ್ಬಳಕ್ಕೆ ದಾರ ಪೋಣಿಸಿದಳು.

"ಬಟ್ಟೆ ಹೊದಿಸಬೇಡಿ ಅಂತ ನಾನು ಹೇಳಲ್ಲ ಮಾವ. ಹೊದಿಸಿ. ಜನರಲ್ಲನ ಬೂಟು ರಿಪೇರಿ ಮಾಡಿದ ಕೈ ಅಂತ ಓದ್ತೀರಲ್ಲ, ಅದೇ ಉಸಿರಲ್ಲಿ ಆ ಕೈಗೆ ಬೇಡಿ ಯಾಕೆ ಬಿತ್ತು ಅಂತಾನೂ ಓದಿ. ಪೂರ್ತಿ ಹೇಳಿದ್ರೆ ನಾನೇ ಒಂದು ತುದಿ ಹಿಡ್ಕೊಂಡು ಹೊದಿಸ್ತೀನಿ."

"ಹೇಳ್ದಿದ್ರೆ?"

"ಹೇಳ್ದಿದ್ರೆ ಮಡಿಸಿ ಕಂಕುಳಲ್ಲಿ ಇಟ್ಕೊಂಡು ಬನ್ನಿ. ಬೂಟಂತೂ ಹೇಗಿದ್ರೂ ಹೊಲಿದು ಕೊಡ್ತೀನಿ. ಬರೀ ಅಂಟು ಹಾಕಲ್ಲ, ಹೆದರ್ಬೇಡಿ."

ಹೊಸ ಅಟ್ಟೆ ಕೂರಿಸಿ ಎರಡು ಸಾಲು ಹೊಲಿದಳು. ಹವಾಲ್ದಾರರು ಅವಳ ಕೈಯನ್ನೇ ನೋಡುತ್ತ ಕೂತಿದ್ದರು. ಬೂಟು ಕೊಟ್ಟಾಗ ಹಾಕಿಕೊಂಡು, ಬಗ್ಗಿ ದಾರ ಕಟ್ಟಿಕೊಂಡು ಎದ್ದರು. ಜನರಲ್ಲನ ಅಟ್ಟೆಯನ್ನು ಸ್ಟೂಲಿನ ಮೇಲೆ ಇಟ್ಟು ಹೋದರು. ಅವಳು ಅದನ್ನು ಮೇಲುಡುಪಿನ ಜೇಬಿಗೆ ಹಾಕಿಕೊಂಡಳು.

ಹನ್ನೊಂದಕ್ಕೆ ಪೆಟ್ಟಿಗೆಯನ್ನು ಹೊರಗೆ ತಂದು ಬೀದಿಯಲ್ಲಿ ಎರಡು ಬೆಂಚಿನ ಮೇಲಿಟ್ಟರು. ಬೀದಿ ತುಂಬ ಜನ. ಹವಾಲ್ದಾರರು ಮುಂದೆ ಬಂದು ನಿಂತು ಕನ್ನಡಕ ಏರಿಸಿದರು.

"ನಮ್ಮ ಪ್ರೀತಿಯ ಜನರಲ್ ಸಾಹೇಬರ ಪಾದಸೇವೆಯ ಭಾಗ್ಯ ಪಡೆದ..." ಎಂದು ಓದಿ ನಿಲ್ಲಿಸಿದರು. ಇನ್ನೊಮ್ಮೆ ಮೊದಲಿನಿಂದ ಓದಿದರು. ಅಲ್ಲೇ ಮತ್ತೆ ನಿಂತಿತು. ಮಗಳು ಅವರ ಮುಖ ನೋಡಲಿಲ್ಲ. ಪೆಟ್ಟಿಗೆಯ ಮೂಲೆಯ ಮೇಲೆ ಕೈಯಿಟ್ಟು ನಿಂತಿದ್ದಳು.

ಹವಾಲ್ದಾರರು ಎರಡು ಪುಟವನ್ನೂ ಮಡಿಸಿ ಜೇಬಿಗಿಟ್ಟರು. ಕನ್ನಡಕವನ್ನೂ ತೆಗೆದರು.

"ಆವತ್ತು ಸೇತುವೆ ಮೇಲೆ ಅಟ್ಟೆ ಬಿಟ್ಕೊಂಡಿತಲ್ಲ, ನೋಡಿದವರು ಇನ್ನೂ ಇದ್ದೀರಿ," ಎಂದರು. ಕವಾಯತು ಮಾಡಿಸಿದ ಗಂಟಲು. ಬೀದಿಯ ಕೊನೆಯವರೆಗೂ ಕೇಳಿಸಿತು. "ಹೊಲಿಗೆ ಹಾಕ್ತೀನಿ ಅಂದ ಇವನು. ಬೇಡ ಅಂದದ್ದು ನಾನು. ಒಳ್ಳೇ ಅಂಟು ಇದೆ ಅಂದ. ಅದೂ ಬೇಡ ಅಂದೆ. ಕಾಗದ ತಂದವನು ನಾನು. ಕಾಗದ ಇತ್ತು. ಇತ್ತು ಅಂತ ನಾನು ಹೇಳ್ಲಿಲ್ಲ."

"ಅಂದ್ರೆ ಕಳ್ಳಸಾಗಣೆ ಅಲ್ವಾ?" ಎಂದಳು ಬೇಕರಿ ಅಕ್ಕ.

"ಅಲ್ಲ."

ಮಗಳು ಕೊಟ್ಟ ಮಾತಿನಂತೆ ಹಸಿರು ಬಟ್ಟೆಯ ಒಂದು ತುದಿ ಹಿಡಿಯಲು ಕೈಚಾಚಿದಳು. ಹವಾಲ್ದಾರರು ಕೊಡಲಿಲ್ಲ. ತಾವೇ ಅದನ್ನು ನಾಲ್ಕು ಮಡಿಕೆ ಮಾಡಿ, ಮತ್ತೆ ಎಂಟು ಮಡಿಕೆ ಮಾಡಿ, ಬೇಕರಿಯ ಮೆಟ್ಟಿಲ ಮೇಲೆ ಇಟ್ಟು ಬಂದು ಪೆಟ್ಟಿಗೆಗೆ ಹೆಗಲು ಕೊಟ್ಟರು.

ಬೇಕರಿಯ ಹಿಟ್ಟಿನ ಮೂಟೆ ಎಳೆಯುವ ಕೈಗಾಡಿಯ ಮೇಲೆ ಪೆಟ್ಟಿಗೆ ಇಟ್ಟರೆ ಒಂದು ಮೂಲೆ ಅಲ್ಲಾಡತೊಡಗಿತು. ಹಲಗೆ ಸಮ ಇರಲಿಲ್ಲ.

"ಪುಟ್ಟೀ, ತೆಳ್ಳಗಿರೋದು ಏನಾದ್ರೂ ಕೊಡು," ಎಂದ ಚಿಕ್ಕಪ್ಪ.

ಅವಳು ಜೇಬಿನಿಂದ ತೆಗೆದು ಕೊಟ್ಟಳು. ಮುದುಕ ಮುದ್ರೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿ, ಒಮ್ಮೆ ಅವಳನ್ನು, ಒಮ್ಮೆ ಪೆಟ್ಟಿಗೆಯನ್ನು ನೋಡಿದ. ಆಮೇಲೆ ಅದನ್ನು ಮೂಲೆಯಡಿಗೆ ತುರುಕಿ, ಅಂಗೈಯಿಂದ ಗುದ್ದಿದ. ಅಲ್ಲಾಟ ನಿಂತಿತು.

"ಅಂತೂ ಒಂದು ಕೆಲಸಕ್ಕೆ ಬಂತು," ಎಂದ.

ಗಾಡಿ ಹೊರಟಿತು. ಹೊಸ ಅಟ್ಟೆಯಾದ್ದರಿಂದ ಹವಾಲ್ದಾರರ ಬಲ ಬೂಟು ಎರಡು ಮೈಲಿಯೂ ಕೀಚ್ ಕೀಚ್ ಎನ್ನುತ್ತಿತ್ತು. ಹಿಂದೆ ನಡೆಯುತ್ತಿದ್ದವರಲ್ಲಿ ಒಬ್ಬರೂ ಈ ಸಲ ನಗು ನುಂಗಿಕೊಳ್ಳಲಿಲ್ಲ. ಹವಾಲ್ದಾರರೂ ಅವರ ಜೊತೆ ಸೇರಿದರು. ಸ್ಮಶಾನದಿಂದ ಖಾಲಿ ಗಾಡಿ ವಾಪಸು ಬರುವಾಗ ಹಲಗೆಯ ಮೇಲೆ ಆ ಅಟ್ಟೆ ಇರಲಿಲ್ಲ. ದಾರಿಯಲ್ಲಿ ಎಲ್ಲೋ ಬಿದ್ದಿರಬೇಕು. ಯಾರೂ ಹುಡುಕಲು ಹೋಗಲಿಲ್ಲ.

ಚಿಕ್ಕಪ್ಪನೊಬ್ಬನನ್ನು ಬಿಟ್ಟು ಬಂದವರೆಲ್ಲ ಬುಧವಾರ ಸಂಜೆಯೊಳಗೆ ಹೊರಟರು. ಹವಾಲ್ದಾರರು ಗುರುವಾರ ಬೆಳಿಗ್ಗೆ ಎಡ ಬೂಟನ್ನೂ ತಂದುಕೊಟ್ಟು, ಸ್ಟೂಲಿನ ಮೇಲೆ ಕೂತು ಮಾಡಿಸಿಕೊಂಡು ಹೋದರು. ಶುಕ್ರವಾರ ಏಳರ ಬಸ್ಸಿಗೆ ಚಿಕ್ಕಪ್ಪ, ಆಚೆಯವರ ರಿಪೇರಿಯಾದ ಬೂಟಿನ ಚೀಲ ಹೆಗಲಿಗೇರಿಸಿ ಸೇತುವೆ ದಾಟಿದ. ಬಸ್ಸು ಮರೆಯಾಗುವವರೆಗೆ ನಿಂತಿದ್ದು, ಮಗಳು ಒಳಗೆ ಬಂದು ಕೆಲಸದ ಕೋಣೆಯ ಬೀದಿಬಾಗಿಲನ್ನು ಪೂರ್ತಿ ತೆರೆದಳು. ಬಿಸಿಲು ನೇರ ಎಡಗೋಡೆಯ ಮೇಲೆ ಬಿತ್ತು. ಮೇಲಿನ ಸಾಲಿನ ಖಾಲಿ ಮೊಳೆಯ ಕೆಳಗೆ, ನಲವತ್ತೊಂದು ವರ್ಷದ ಹೊಗೆ ಧೂಳು ತಾಗದೆ ಬೆಳ್ಳಗೇ ಉಳಿದಿದ್ದ ಒಂದು ಪುಟ್ಟ ಪಾದದ ಗುರುತು. ಅವಳು ಬೆಂಚಿನ ಮೇಲಿದ್ದ ಹವಾಲ್ದಾರರ ಹಳೇ ಅಟ್ಟೆಯನ್ನು, ಹಿಮ್ಮಡಿಯೂ ಬೆರಳೂ ಸವೆದದ್ದನ್ನು, ಅದೇ ಮೊಳೆಗೆ ಸಿಕ್ಕಿಸಿದಳು. ಬಿಳಿ ಗುರುತು ಪೂರ್ತಿ ಮುಚ್ಚಿಹೋಯಿತು. ಹಿಮ್ಮಡಿಯ ಕಡೆ ಎರಡು ಬೆರಳಷ್ಟು ಅಟ್ಟೆ ಇನ್ನೂ ಗುರುತಿನ ಆಚೆಗೇ ಇತ್ತು.